ಮರಕ್ಕೂ ಒಂದು ಬಟವಾಡೆ: ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಖರ್ಚು

ಮೊದಲು ಒಂದು ಹುಣಸೆಮರದ ಬುಡಕ್ಕೆ ಹೋಗೋಣ. ಫೆಬ್ರುವರಿ ತಿಂಗಳು, ಬೆಳಿಗ್ಗೆ ಒಂಬತ್ತು ಗಂಟೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಮರ ಇರುವುದು ಮನೆಯ ಹಿತ್ತಲಲ್ಲಿ. ಒಂದು ಕೊಂಬೆ ಹೆಂಚಿನ ಮೇಲಕ್ಕೇ ಬಾಗಿದೆ. ಎಲೆಗಳೆಲ್ಲ ಸುಣ್ಣ ಎರಚಿದ ಹಾಗೆ ಬೆಳ್ಳಗಾಗಿವೆ. ತುದಿಯಲ್ಲಿ ಹೆಜ್ಜಾರ್ಲೆಗಳ (ಪೆಲಿಕನ್) ಗೂಡು, ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳ ಗೂಡು. ದೊಡ್ಡ ಹೆಜ್ಜಾರ್ಲೆ ಅಷ್ಟಾಗಿ ಕೂಗುವುದಿಲ್ಲ, ಗದ್ದಲವೆಲ್ಲ ಮರಿಗಳದು. ತಾಯಿ ಬಂದು ಕೂತರೆ ಸಾಕು, ಅದರ ಕೊಕ್ಕಿನ ಚೀಲದೊಳಕ್ಕೆ ಕುತ್ತಿಗೆವರೆಗೂ ತಲೆ ತೂರಿಸಿ ಮೀನು ಹುಡುಕುತ್ತವೆ. ಒಂದೊಂದು ಸಲ ಮೀನು ಜಾರಿ ಕೆಳಗೆ ಬೀಳುತ್ತದೆ. ಅದಕ್ಕೆಂದೇ ಒಂದು ನಾಯಿ ಬುಡದಲ್ಲಿ ಕಾದು ಮಲಗಿರುತ್ತದೆ.

ಅದೇ ಕೊಂಬೆಗಳಲ್ಲಿ ಹುಣಸೆ ಹಣ್ಣಾಗಿ ಗೊಂಚಲು ಗೊಂಚಲಾಗಿ ಜೋತುಬಿದ್ದಿದೆ. ಮರದೊಡತಿ ಅಂಗಳ ಗುಡಿಸುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. "ಹಣ್ಣು ಬಡಿಸಲ್ವಾ ಅವ್ವ?" ಅಂತ ಕೇಳಿದೆ.

"ಬಡ್ಸುದ್ರೆ ಮರಿ ಬಿದ್ದೋಯ್ತವೆ ಕಣಪ್ಪ. ಹೆಣ್ಮಗ ಬಾಣಂತನಕ್ಕೆ ಬಂದವ್ಳೆ ಅಂದ್ಮೇಲೆ ಅವ್ಳು ಮಲಗಿರೋ ಕೋಣೇಲಿ ಒನಕೆ ಹಿಡ್ಕಂಡು ಕುಟ್ಟಾಕಾಯ್ತದಾ?"

ಈ ಮಾತು ನಿಮಗೆ ಹೊಸದಲ್ಲ. ಹಕ್ಕಿಗಳು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದು ಆ ಊರಿನವರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ಪತ್ರಿಕೆಯಲ್ಲಿ ಓದಿದ್ದೀರಿ, ಟೀವಿಯಲ್ಲಿ ನೋಡಿದ್ದೀರಿ. ಆದರೆ ಅವ್ವ ಅಷ್ಟಕ್ಕೇ ನಿಲ್ಲಿಸಲಿಲ್ಲ. ಪೊರಕೆ ಗೋಡೆಗೆ ಒರಗಿಸಿ, "ಬಾಣಂತನಕ್ಕೂ ದುಡ್ಡು ಬೇಕಲ್ವಾ ಮಗ" ಅಂದರು. ಮೊದಲನೇ ಮಾತನ್ನು ಎಲ್ಲರೂ ಬರೆದುಕೊಂಡು ಹೋಗುತ್ತಾರೆ. ನಾನು ಇವತ್ತು ಎರಡನೇ ಮಾತಿನ ಬಗ್ಗೆ ಮಾತಾಡಲು ಬಂದಿದ್ದೇನೆ.

ನನ್ನ ಹಿನ್ನೆಲೆ ಹಕ್ಕಿಶಾಸ್ತ್ರ ಅಲ್ಲ. ಹಾಲು ಉತ್ಪಾದಕರ ಸಹಕಾರ ಸಂಘಗಳ ಲೆಕ್ಕಪತ್ರ ನೋಡುತ್ತಾ ಮೂವತ್ತು ವರ್ಷ ಮಂಡ್ಯ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದವನು. ಹಾಗಾಗಿ ಮರದ ಕೆಳಗೆ ನಿಂತಾಗಲೂ ನನ್ನ ಕಣ್ಣು ಜಮಾ-ಖರ್ಚಿನ ಕಡೆಗೇ ಹೋಗುತ್ತದೆ.

ಹುಣಸೆಮರದ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಮರದೊಡೆಯರು ಹೆಚ್ಚಾಗಿ ತಾವೇ ಹಣ್ಣು ಬಡಿಸುವುದಿಲ್ಲ, ಮರವನ್ನು ಗುತ್ತಿಗೆಗೆ ಕೊಡುತ್ತಾರೆ. ಕಾಯಿ ಕಚ್ಚಿದ ಮೇಲೆ ವ್ಯಾಪಾರಿ ಬಂದು ಮರದ ಸುತ್ತ ಒಂದು ಸುತ್ತು ಹಾಕಿ, ತಲೆ ಎತ್ತಿ ನೋಡಿ, ಬಾಯಿಲೆಕ್ಕದಲ್ಲೇ ಬೆಲೆ ಕಟ್ಟಿ ಮುಂಗಡ ಕೊಡುತ್ತಾನೆ. ಬಲಿತ ಮರ, ಒಳ್ಳೆಯ ವರ್ಷ ಅಂದರೆ ಒಂದೂವರೆ ಎರಡು ಕ್ವಿಂಟಲ್ ಹಣ್ಣಿಗೆ ಮೋಸವಿಲ್ಲ. ಒಂದು ವರ್ಷ ತುಂಬಿದರೆ ಮುಂದಿನ ವರ್ಷ ಕೈಕೊಡುವುದೂ ಉಂಟು. ಸಂಕ್ರಾಂತಿ ಕಳೆದ ಮೇಲೆ ಯುಗಾದಿವರೆಗೆ ಬಡಿಯುವ ಕಾಲ. ಆಮೇಲೆ ಸಿಪ್ಪೆ, ನಾರು, ಬೀಜ ಬಿಡಿಸುವ ಕೆಲಸದಲ್ಲಿ ಊರಿನ ಹೆಂಗಸರಿಗೆ ಒಂದಿಷ್ಟು ಕೂಲಿ.

ಹಕ್ಕಿಯ ಕಾಲವೂ ಸರಿಯಾಗಿ ಅದೇ. ಹೆಜ್ಜಾರ್ಲೆಗಳು ನವೆಂಬರ್-ಡಿಸೆಂಬರ್ ಹೊತ್ತಿಗೆ ಬರುತ್ತವೆ. ಗೂಡು ಕಟ್ಟಿ, ಮೊಟ್ಟೆಯಿಟ್ಟು, ಒಂದು ತಿಂಗಳು ಕಾವು ಕೊಟ್ಟು, ಮರಿಗಳು ಹಾರುವುದಕ್ಕೆ ಇನ್ನೂ ಮೂರು ನಾಲ್ಕು ತಿಂಗಳು. ಅಷ್ಟರಲ್ಲಿ ಹುಣಸೆ ಕಾಲ ಮುಗಿದಿರುತ್ತದೆ. ಗೂಡಿರುವ ಮರಕ್ಕೆ ವ್ಯಾಪಾರಿ ಮುಂಗಡ ಕೊಡುವುದಿಲ್ಲ. ಹತ್ತಿ ಬಡಿಯುವ ಹಾಗಿಲ್ಲ, ಉಳಿದ ಹಣ್ಣಿನ ಮೇಲೆಲ್ಲ ಹಿಕ್ಕೆ. ಇದರ ಜೊತೆಗೆ ಹೆಂಚಿನ ಮೇಲೆ ಹಿಕ್ಕೆ, ಒಣಹಾಕಿದ ಬಟ್ಟೆ ಮೇಲೆ ಹಿಕ್ಕೆ, ಕೊಳೆತ ಮೀನಿನ ವಾಸನೆ. ದಿನಕ್ಕೆ ಎರಡು ಸಲ ಅಂಗಳ ತೊಳೆಯುವವರು ಯಾರು? ಮನೆಯ ಹೆಂಗಸರು. ಆ ಕೂಲಿಯನ್ನು ಯಾವ ಯೋಜನೆಯ ಅಂದಾಜುಪಟ್ಟಿಯಲ್ಲೂ ನಾನು ಕಂಡಿಲ್ಲ.

ಹಿಂದೆ ಈ ಲೆಕ್ಕ ಸರಿತೂಗುತ್ತಿತ್ತು. ಹಕ್ಕಿಯೇ ಬಾಡಿಗೆ ಕೊಡುತ್ತಿತ್ತು! ಗೂಡಿರುವ ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡುಮಣ್ಣು ತಂದು ಸುರಿದು, ಬೀಳುವ ಹಿಕ್ಕೆಯೆಲ್ಲ ಅದರಲ್ಲಿ ಬೆರೆಯುವಂತೆ ಮಾಡುತ್ತಿದ್ದರು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳ. ಆ ಗೊಬ್ಬರ ಗದ್ದೆಗೆ ಬಿದ್ದರೆ ಬೆಳೆ ಕಪ್ಪಗೆ ಏಳುತ್ತಿತ್ತು ಎಂದು ಹಿರಿಯರು ಇವತ್ತಿಗೂ ಹೇಳುತ್ತಾರೆ. ತಮಿಳುನಾಡಿನ ವೇಡಂತಾಂಗಲ್‌ನಲ್ಲೂ ಇದೇ ಕಥೆ. ಕೆರೆಯ ಮರಗಳ ಮೇಲಿನ ಹಕ್ಕಿಗಳಿಂದ ನೀರೇ ಗೊಬ್ಬರವಾಗಿ ಗದ್ದೆಗೆ ಹರಿಯುತ್ತಿತ್ತು. 18ನೇ ಶತಮಾನದ ಕೊನೆಯಲ್ಲಿ ಸಿಪಾಯಿಗಳು ಹಕ್ಕಿ ಹೊಡೆಯಲು ಬಂದಾಗ ಊರವರು ಕಂಪನಿ ಸರ್ಕಾರದ ಕಲೆಕ್ಟರನಿಗೆ ದೂರು ಕೊಟ್ಟು, ಬೇಟೆ ಆಗಕೂಡದು ಎಂದು ಕೌಲು ಬರೆಸಿಕೊಂಡರು. ಅಲ್ಲೂ ಪ್ರೀತಿ ಇತ್ತು, ಪ್ರೀತಿಯ ಜೊತೆಗೆ ಗೊಬ್ಬರವೂ ಇತ್ತು. ಇದನ್ನು ಹೇಳುವುದರಿಂದ ಪ್ರೀತಿ ಸಣ್ಣದಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಹಸುವನ್ನು ಮಗಳ ಹಾಗೆ ಸಾಕುವವರು ಹಾಲನ್ನೂ ಕರೆಯುತ್ತಾರಲ್ಲ.

ಯೂರಿಯಾ ಮೂಟೆ ಬಂದ ಮೇಲೆ ಆ ಗುಂಡಿಗಳಿಗೆ ಬೆಲೆ ಇಲ್ಲವಾಯಿತು. ಹಕ್ಕಿ ಕೊಡುತ್ತಿದ್ದ ಬಾಡಿಗೆ ನಿಂತಿತು. ಮರಕ್ಕೆ ಮಾತ್ರ ಬೆಲೆ ಏರುತ್ತಾ ಹೋಯಿತು: ಹಣ್ಣಿಗೆ, ಸೌದೆಗೆ, ಇಟ್ಟಿಗೆ ಗೂಡಿಗೆ. ಮಗಳ ಮದುವೆ ಬಂದಾಗ, ಆಸ್ಪತ್ರೆ ಖರ್ಚು ಬಂದಾಗ ಹಿತ್ತಲ ಮರ ಕಣ್ಣಿಗೆ ಬೀಳುತ್ತದೆ. ಕಡಿದವರನ್ನು ದೂರುವುದು ಸುಲಭ. ಆ ದಿನ ಅವರ ಕೈಗೆ ಹತ್ತು ಸಾವಿರ ಕೊಡುವವರು ಯಾರಿದ್ದರು ಎಂದು ಕೇಳಿ ನೋಡಿ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಹಕ್ಕಿಗಳನ್ನು ಗಮನಿಸಿ, ದಾಖಲಿಸಿ, ಹೊರಗಿನವರಿಗೆ ತಿಳಿಸಿದರು. ಮುಂದೆ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರು ಇದೇ ನೇಗಿನಹಾಳರು. ಅಲ್ಲಿಂದೀಚೆಗೆ ಗೂಡಿರುವ ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಹಣ ಕೊಡುವ ಪದ್ಧತಿ ಬಂತು. ಇದು ಸಣ್ಣ ಸಂಗತಿಯಲ್ಲ. ಊರಿನ ಜನರನ್ನು ಎಬ್ಬಿಸದೆ, ಬೇಲಿ ಹಾಕದೆ, ಖಾಸಗಿ ಹಿತ್ತಲಲ್ಲಿ ಇರುವ ಮರಕ್ಕೆ ಸರ್ಕಾರ ದುಡ್ಡು ಕೊಟ್ಟು ಹಕ್ಕಿ ಉಳಿಸಬಹುದು ಎಂಬ ಯೋಚನೆ ಆ ಕಾಲಕ್ಕೆ ಹೊಸದು. ಈ ಊರಿನಲ್ಲಿ ಇವತ್ತಿಗೂ ಹಕ್ಕಿ ಇದ್ದರೆ ಅದಕ್ಕೆ ಈ ಹಣವೂ ಒಂದು ಕಾರಣ.

ನನಗಿರುವ ತಕರಾರು ಅದರ ಹೆಸರಿನ ಮೇಲೆ. ಅದನ್ನು 'ಪರಿಹಾರ' ಅನ್ನುತ್ತೇವೆ. ಪರಿಹಾರ ಅಂದರೆ ಏನೋ ಕೆಟ್ಟದ್ದು ಆಯಿತು, ನಷ್ಟ ತುಂಬಿಕೊಡುತ್ತೇವೆ ಎಂದರ್ಥ. ಪರಿಹಾರಕ್ಕೆ ಅರ್ಜಿ ಹಾಕಬೇಕು, ನಷ್ಟ ತೋರಿಸಬೇಕು, ಕಾಯಬೇಕು. ಎಷ್ಟು ಸಿಕ್ಕಿತೋ ಅಷ್ಟೇ ಪುಣ್ಯ ಎಂದು ತಲೆ ಬಗ್ಗಿಸಬೇಕು. ಆದರೆ ಆ ಅವ್ವ ಏನು ಕಳೆದುಕೊಂಡಿದ್ದಾರೆ? ಆಕೆ ನಮಗೆಲ್ಲ ಒಂದು ಸೇವೆ ಮಾಡುತ್ತಿದ್ದಾರೆ. ತನ್ನ ಮರವನ್ನು ಆರು ತಿಂಗಳು ಹಕ್ಕಿಗೆ ಬಿಟ್ಟುಕೊಟ್ಟಿದ್ದಾರೆ. ಅದಕ್ಕೆ ಸಿಗಬೇಕಾದದ್ದು ಬಾಡಿಗೆ. ಬಾಡಿಗೆಗೆ ಕರಾರು ಇರುತ್ತದೆ, ದಿನಾಂಕ ಇರುತ್ತದೆ, ಕಾಲಕಾಲಕ್ಕೆ ದರ ಏರುತ್ತದೆ.

ಇಲ್ಲಿ ನನ್ನ ಡೇರಿ ನೆನಪಾಗುತ್ತದೆ. ನಮ್ಮ ಜಿಲ್ಲೆಯ ಹೆಂಗಸರು ಬೆಳಗಿನ ಜಾವ ಐದಕ್ಕೆ ಎದ್ದು ಹಾಲು ತಂದು ಹಾಕುವುದು ಸಹಕಾರ ತತ್ವದ ಮೇಲಿನ ಭಾಷಣ ಕೇಳಿ ಅಲ್ಲ. ಬಟವಾಡೆ ದಿನಕ್ಕೆ ಬಟವಾಡೆ ಆಗುತ್ತದೆ ಎಂಬ ನಂಬಿಕೆಯಿಂದ. ನಾನು ಲೆಕ್ಕ ನೋಡುತ್ತಿದ್ದ ಒಂದು ಸಂಘದಲ್ಲಿ ಒಮ್ಮೆ ಬಟವಾಡೆ ಎರಡು ಸರದಿ ತಪ್ಪಿತು. ಮೂರನೇ ಸರದಿಯ ಹೊತ್ತಿಗೆ ಹಾಲು ಅರ್ಧಕ್ಕೆ ಇಳಿದಿತ್ತು. ಯಾರೂ ಜಗಳ ಮಾಡಲಿಲ್ಲ, ಅರ್ಜಿ ಬರೆಯಲಿಲ್ಲ. ಖಾಸಗಿಯವನ ಕ್ಯಾನಿಗೆ ಹಾಲು ಹಾಕಿದರು, ಅಷ್ಟೇ. ಮರದ ವಿಷಯದಲ್ಲೂ ಜನ ಹಾಗೇ. ದುಡ್ಡು ತಡವಾದರೆ ಧರಣಿ ಕೂರುವುದಿಲ್ಲ. ಒಂದು ಮಳೆಗಾಲದಲ್ಲಿ, ಹಕ್ಕಿ ಇಲ್ಲದ ಹೊತ್ತಿನಲ್ಲಿ, ಸದ್ದಿಲ್ಲದೆ ಮರ ಮಾರುತ್ತಾರೆ. ಹಾಲು ಮತ್ತೆ ವಾಪಸು ಬಂದೀತು, ನೂರು ವರ್ಷದ ಮರ ಬರುವುದಿಲ್ಲ.

ಹಾಗಾಗಿ ಮರದ ಹಣ ಹುಣಸೆ ವ್ಯಾಪಾರಿಯ ಮುಂಗಡಕ್ಕಿಂತ ಮುಂಚೆ, ಅಂದರೆ ಸಂಕ್ರಾಂತಿಯ ಒಳಗೆ ಕೈಸೇರಬೇಕು. ದರ ಆ ವರ್ಷದ ಹುಣಸೆ ಪೇಟೆ ಧಾರಣೆಯ ಜೊತೆ ಏರಬೇಕು. ಗೂಡು ಎಣಿಸುವವರು ಊರಿನವರೇ ಆಗಿರಬೇಕು.

ಕೊನೆಯದನ್ನು ಯಾಕೆ ಹೇಳುತ್ತೇನೆಂದರೆ, ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಕಿಬ್ಬರ್ ಎಂಬ ಊರಿದೆ. ಸಮುದ್ರಮಟ್ಟದಿಂದ 4,200 ಮೀಟರ್ ಎತ್ತರ. ಅಲ್ಲಿನ ವಿಷಯ ಹೆಜ್ಜಾರ್ಲೆ ಅಲ್ಲ, ಹಿಮಚಿರತೆ. ಕುರಿ, ಕುದುರೆ, ಯಾಕ್ ಕರುಗಳನ್ನು ಅದು ಹಿಡಿಯುತ್ತದೆ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅಲ್ಲಿನವರ ಜೊತೆ ಕೆಲಸ ಮಾಡಿತು. 1998ರಲ್ಲಿ ಊರವರು ತಮ್ಮ ಮೇವಿನ ನೆಲದ ಒಂದು ಭಾಗವನ್ನು ಹಿಮಚಿರತೆಯ ಆಹಾರವಾದ ಕಾಡು ಕುರಿಗಳಿಗೆ ಬಿಟ್ಟುಕೊಟ್ಟರು, ಅದಕ್ಕಾಗಿ ಊರಿಗೆ ಹಣ ಬಂತು. 2002ರಲ್ಲಿ ಜಾನುವಾರು ವಿಮೆ ಶುರುವಾಯಿತು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು, ಮನೆಮನೆಯವರೂ ತಮ್ಮ ಜಾನುವಾರಿಗೆ ತಾವೇ ಕಂತು ಕಟ್ಟುತ್ತಾರೆ. ಹೊರಗಿನ ಹಣ ಅದಕ್ಕೆ ಜೊತೆಯಾಗುತ್ತದೆ. ಜಾನುವಾರು ಸತ್ತಾಗ ಅದನ್ನು ಚಿರತೆಯೇ ಕೊಂದಿತೋ, ಕಾಯಿಲೆಯಿಂದ ಸತ್ತಿತೋ ಎಂದು ತೀರ್ಮಾನಿಸುವುದು ಊರಿನ ಸಮಿತಿ. ಸುಳ್ಳು ಹೇಳಿದರೆ ಯಾರ ದುಡ್ಡು ಹೋಗುತ್ತದೆ? ಪಕ್ಕದ ಮನೆಯವನ ಕಂತು. ಆ ಒಂದು ಕಾರಣಕ್ಕೆ ಲೆಕ್ಕ ಶುದ್ಧವಾಗಿರುತ್ತದೆ. ಹೊರಗಿನಿಂದ ಬಂದ ಇನ್ಸ್‌ಪೆಕ್ಟರಿಗೆ ಹೇಳಬಹುದಾದ ಸುಳ್ಳನ್ನು ಅತ್ತಿಗೆಯ ಮುಂದೆ ಹೇಳಲಾಗುವುದಿಲ್ಲ.

ಬೆಳ್ಳೂರಿಗೆ ವಾಪಸು ಬರೋಣ. 1994ರ ಹೊತ್ತಿಗೆ ಮೈಸೂರಿನ ಪರಿಸರಾಸಕ್ತರ ಬೆಂಬಲದಿಂದ ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗಾಳಿಗೋ ತಳ್ಳಾಟಕ್ಕೋ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಒಂದು ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿಯುವವರೆಗೆ ಸಾಕಿ ಬಿಡುವುದು ಅವರ ಮುಖ್ಯ ಕೆಲಸ. ಹೆಜ್ಜಾರ್ಲೆ ಮರಿ ನೋಡಿದ್ದೀರಾ? ಬಿದ್ದ ಹೊಸದರಲ್ಲಿ ತುಪ್ಪಳದ ಮುದ್ದೆ, ಕೊಕ್ಕು ಮಾತ್ರ ಮೈಗಿಂತ ದೊಡ್ಡದು. ಹಸಿವು ತಡೆಯುವುದಿಲ್ಲ. ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ಸಂಜೆ ಮೀನು.

ಈ ಮೀನಿನ ದುಡ್ಡೇ ಹೊಂದಿಸಲು ಕಷ್ಟವಾದ ದುಡ್ಡು. ಕೇಳಿ, ಇದು ನನ್ನ ಅನುಭವದ ಮಾತು. ದಾನಿಗಳನ್ನು ಹುಡುಕಿಕೊಂಡು ನಾನೂ ನಾಲ್ಕಾರು ಕಚೇರಿಗಳ ಮೆಟ್ಟಿಲು ಹತ್ತಿದ್ದೇನೆ. ಕಮಾನು ಕಟ್ಟಿಸಲು ಕೊಡುವವರಿದ್ದಾರೆ, ವೀಕ್ಷಣಾ ಗೋಪುರಕ್ಕೆ, ಕಲ್ಲಿನ ಬೆಂಚಿಗೆ, ಹೆಸರು ಕೆತ್ತಿಸಬಹುದಾದ ಯಾವುದಕ್ಕಾದರೂ ಕೊಡುವವರಿದ್ದಾರೆ. "ದಿನಕ್ಕೆ ಇಷ್ಟು ಕಿಲೋ ಮೀನು, ನಾಲ್ಕು ತಿಂಗಳು, ಪ್ರತಿ ವರ್ಷ" ಎಂದಾಗ ಎದುರಿಗಿದ್ದವರ ಪೆನ್ನು ನಿಂತುಬಿಡುತ್ತದೆ. ಅವರು ಕೆಟ್ಟವರಲ್ಲ. ಮೀನಿಗೆ ಉದ್ಘಾಟನೆ ಇಲ್ಲ, ಅದನ್ನು ಫೋಟೋದಲ್ಲಿ ತೋರಿಸಲು ಬರುವುದಿಲ್ಲ. ಆದರೆ ಹಕ್ಕಿ ಉಳಿಯುವುದು ಮೀನಿನಿಂದ, ಮರದಿಂದ, ಅಂಗಳ ತೊಳೆಯುವ ನೀರಿನಿಂದ. ಕಮಾನಿನ ಮೇಲೆ ಯಾವ ಹೆಜ್ಜಾರ್ಲೆಯೂ ಗೂಡು ಕಟ್ಟಿದ್ದನ್ನು ನಾನು ನೋಡಿಲ್ಲ.

ಕಾನೂನಿನ ವಿಷಯ ಸ್ವಲ್ಪ ಬೇಗ ಮುಗಿಸುತ್ತೇನೆ. 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಯಲ್ಲಿ 'ಸಮುದಾಯ ಮೀಸಲು' ಎಂಬ ಹೊಸ ಬಗೆ ಬಂತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಹಾಗೆ ಘೋಷಣೆಯಾಯಿತು, ಸುಮಾರು 312 ಹೆಕ್ಟೇರ್. ಆಡಳಿತ ಸಮಿತಿಗೆ ಪಂಚಾಯಿತಿಯಿಂದ ಐವರು, ಇಲಾಖೆಯಿಂದ ಒಬ್ಬರು ಎಂದು ಆ ತಿದ್ದುಪಡಿಯಲ್ಲಿತ್ತು. ಅಧ್ಯಕ್ಷರು ಗೌರವ ವನ್ಯಜೀವಿ ಪರಿಪಾಲಕರೂ ಹೌದು. ಕಾಗದದ ಮೇಲೆ ಇದಕ್ಕಿಂತ ಚೆಂದದ ವ್ಯವಸ್ಥೆ ಸಿಗಲಾರದು. ಆದರೆ ಆ ಕಲಮುಗಳಲ್ಲಿ ಜವಾಬ್ದಾರಿ ಇದೆ, ಥೈಲಿ ಇಲ್ಲ. ಹುಲಿ ಮೀಸಲು ಪ್ರದೇಶಕ್ಕೆ ಹಾಗಲ್ಲ. 2006ರ ತಿದ್ದುಪಡಿಯಲ್ಲಿ ಹುಲಿ ಸಂರಕ್ಷಣಾ ಪ್ರತಿಷ್ಠಾನ ಎಂಬ ಏರ್ಪಾಡು ಬಂತು, ಪ್ರವಾಸಿಗರ ಪ್ರವೇಶ ಶುಲ್ಕದಂಥ ಆದಾಯ ಅಲ್ಲಿಯೇ ಉಳಿದು ಸುತ್ತಲಿನ ಊರುಗಳಿಗೂ ವಿನಿಯೋಗವಾಗುವ ದಾರಿ ಸಿಕ್ಕಿತು. ಹುಣಸೆಮರದ ಹಕ್ಕಿಗೂ ಅಂಥದೊಂದು ದಾರಿ ಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಪ್ರವಾಸಿಗರು ಬರುತ್ತಾರಲ್ಲ ಎನ್ನುತ್ತೀರಿ. ಬರುತ್ತಾರೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು, ಊರಿನೊಳಗೆ ಒಂದು ಗಂಟೆ ಕ್ಯಾಮೆರಾ ಹಿಡಿದು ನಿಂತು, ಹಕ್ಕಿ ನೋಡಿ ಸಂತೋಷಪಟ್ಟು ಹೋಗುತ್ತಾರೆ. ತಿಂಡಿ ಹೆದ್ದಾರಿಯಲ್ಲಿ, ಊಟ ಮೈಸೂರಿನಲ್ಲಿ. ಅವರು ಫೋಟೋ ತೆಗೆದದ್ದು ಯಾರ ಮರದ್ದು ಎಂದು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಾದರೆ ಬಹಳ ಮಂದಿ ಕೊಟ್ಟೇ ಕೊಡುತ್ತಾರೆ, ಆ ನಂಬಿಕೆ ನನಗಿದೆ. ಅರುಣಾಚಲದ ಪಕ್ಕೆ ಕಾಡಿನ ಅಂಚಿನಲ್ಲಿ ಇದನ್ನೇ ಮಾಡಿದ್ದಾರೆ. ಮಂಗಟ್ಟೆ ಹಕ್ಕಿಯ ಒಂದೊಂದು ಗೂಡನ್ನು ಪಟ್ಟಣದವರೊಬ್ಬರು 'ದತ್ತು' ತೆಗೆದುಕೊಳ್ಳುತ್ತಾರೆ. ಆ ಹಣ ಗೂಡು ಕಾಯುವ ನಿಶಿ ಬುಡಕಟ್ಟಿನವರ ಸಂಬಳಕ್ಕೆ ಹೋಗುತ್ತದೆ. ಕೊಟ್ಟವರಿಗೆ ಗೂಡಿನ ವರ್ತಮಾನ ಬರುತ್ತದೆ. ಒಂದು ಕಾಲಕ್ಕೆ ಮಂಗಟ್ಟೆಯ ಕೊಕ್ಕಿಗಾಗಿ ಬೇಟೆಯಾಡುತ್ತಿದ್ದ ಸಮುದಾಯವೇ ಇವತ್ತು ಕಾಯುತ್ತಿದೆ.

ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಇದೆಯಲ್ಲ ಎಂದು ಹುಡುಗರು ಕೇಳುತ್ತಾರೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ 2 ಶೇಕಡಾವನ್ನು ಇಂಥ ಕೆಲಸಗಳಿಗೆ ಕೊಡಬೇಕು, ವನ್ಯಜೀವಿ ಸಂರಕ್ಷಣೆಯೂ ಆ ಪಟ್ಟಿಯಲ್ಲಿದೆ. ಅದನ್ನು ಬಿಡಬೇಡಿ. ಆದರೆ ಅದರ ಗುಣ ತಿಳಿದುಕೊಳ್ಳಿ. ಮುಂದುವರಿಯುವ ಯೋಜನೆ ಅಂದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷಕ್ಕೆ ಮುಗಿಯಬೇಕು. 2021ರಿಂದ ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಟ್ಟದ್ದನ್ನು ಸಿಎಸ್ಆರ್ ಖರ್ಚು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಕ್ಕಿ ಐದನೇ ವರ್ಷವೂ ಬರುತ್ತದೆ. ಹಾಗಾಗಿ ಆ ಹಣವನ್ನು ಸಸಿಗೆ, ಕೆರೆ ಹೂಳಿಗೆ, ಮರಿ ಸಾಕುವ ಆವರಣದ ದುರಸ್ತಿಗೆ ಬಳಸಿ. ಮರದ ಬಟವಾಡೆಯನ್ನು ಅದಕ್ಕೆ ಕಟ್ಟಿಹಾಕಬೇಡಿ.

ಬಟವಾಡೆಗೆ ಬೇಕಾದದ್ದು ಊರಿನ ಹೆಸರಿನ ಒಂದು ಠೇವಣಿ. ಬರೀ ಉದಾಹರಣೆಗೆ ಲೆಕ್ಕ ಹಾಕೋಣ. ನೂರು ಮರ, ಮರಕ್ಕೆ ವರ್ಷಕ್ಕೆ ಮೂರು ಸಾವಿರ, ಒಟ್ಟು 3 ಲಕ್ಷ. 7 ಶೇಕಡಾ ಬಡ್ಡಿ ಸಿಕ್ಕರೆ ಸುಮಾರು 43 ಲಕ್ಷದ ಠೇವಣಿ ಸಾಕು ಅನಿಸುತ್ತದೆ. ಸಾಲದು. ಹುಣಸೆ ಬೆಲೆ ಏರುತ್ತದೆ, ಆದ್ದರಿಂದ ಬಡ್ಡಿಯಲ್ಲಿ 2 ಶೇಕಡಾ ಅಸಲಿಗೇ ಸೇರಬೇಕು. ಆಗ 60 ಲಕ್ಷ ಬೇಕು. ಒಂದು ಕಾಂಕ್ರೀಟು ರಸ್ತೆಯ ಲೆಕ್ಕದಲ್ಲಿ ಇದು ದೊಡ್ಡ ಮೊತ್ತವಲ್ಲ. ಇಡಲು ಜಾಗವೂ ಇದೆ. 2002ರ ಜೈವಿಕ ವೈವಿಧ್ಯ ಕಾಯ್ದೆ 'ಸ್ಥಳೀಯ ಜೀವವೈವಿಧ್ಯ ನಿಧಿ'ಗೆ ಅವಕಾಶ ಕೊಟ್ಟಿದೆ. ಆ ಖಾತೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಡೇರಿಯ ವಾರ್ಷಿಕ ಮಹಾಸಭೆಯಲ್ಲಿ ಓದುವ ಹಾಗೆ.

ಇನ್ನೊಂದು ವಿಷಯ ಬಿಟ್ಟರೆ ತಪ್ಪಾಗುತ್ತದೆ. 2017ರ ಕೊನೆಯಿಂದ 2018ರ ಬೇಸಿಗೆಯವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಚೆನ್ನಾಗಿ ಕೂತಿದ್ದ ಹಕ್ಕಿ ಮರದಿಂದ ದೊಪ್ಪನೆ ಬೀಳುತ್ತಿತ್ತು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳು. ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುವ ಜಂತು. ಊರಿನವರು ಮರ ಕಾದಿದ್ದರು, ಮರಿ ಸಾಕಿದ್ದರು, ಅವರ ಕಡೆಯಿಂದ ಏನೂ ತಪ್ಪಿರಲಿಲ್ಲ. ಹಕ್ಕಿ ಮಲಗುವುದು ಬೆಳ್ಳೂರಿನಲ್ಲಿ, ಉಣ್ಣುವುದು ಶಿಂಷಾ ನದಿಯಲ್ಲಿ, ತೈಲೂರು ಕೆರೆಯಲ್ಲಿ, ಸುತ್ತಲ ಹತ್ತಾರು ಕೆರೆಗಳಲ್ಲಿ. ಆ ಕೆರೆಗಳಿಗೆ ಪಟ್ಟಣದ ಕೊಳಚೆ ಬಂದರೆ ಬೆಳ್ಳೂರಿನ ಸಮಿತಿ ಏನು ಮಾಡೀತು? ಆದ್ದರಿಂದ ಮದ್ದೂರು, ಮಂಡ್ಯದವರೇ, ಕೊಳಚೆ ನೀರು ಶುದ್ಧ ಮಾಡಲು ನಿಮ್ಮ ಸ್ಥಳೀಯ ಸಂಸ್ಥೆಗಳು ಇಡುವ ಹಣವೂ ಹೆಜ್ಜಾರ್ಲೆಯ ಹಣವೇ. ಬಜೆಟ್ ಸಭೆಯಲ್ಲಿ ಹಾಗೆಂದು ಹೆಸರು ಹಿಡಿದು ಕೇಳಿ.

ಸಸಿಯ ಬಗ್ಗೆ ಒಂದು ಮಾತು. ಬೀಜದಿಂದ ಎದ್ದ ಹುಣಸೆ ಕಾಯಿ ಬಿಡಲು ಎಂಟು ಹತ್ತು ವರ್ಷ ಬೇಕು. ಹೆಜ್ಜಾರ್ಲೆಯ ಭಾರ ಹೊರುವಷ್ಟು ಬಲಿಯಲು ಅದಕ್ಕಿಂತ ಹೆಚ್ಚು. ಅಂಗನವಾಡಿಗೆ ಹೋಗುವ ಮಗು ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ ಒಬ್ಬರು ಆ ಗಿಡಕ್ಕೆ ನೀರು ಹಾಕಬೇಕು, ಮೇಕೆ ಬಾಯಿಂದ ಕಾಯಬೇಕು. ಗೂಡು ಬಂದ ಮೇಲೆ ದುಡ್ಡು ಕೊಡುತ್ತೇವೆ ಎಂದರೆ ಯಾರು ನೆಡುತ್ತಾರೆ? ಗಿಡ ನೆಟ್ಟ ದಿನದಿಂದಲೇ ಸಣ್ಣದೊಂದು ಬಟವಾಡೆ ಶುರುವಾಗಬೇಕು. ಇವತ್ತಿನ ಮರಗಳು ಮುದಿಯಾಗುತ್ತಿವೆ. ನನಗೆ ರಾತ್ರಿ ನಿದ್ದೆ ಕೆಡಿಸುವ ಲೆಕ್ಕ ಇದೊಂದೇ.

ಹೋದ ಸಲ ಹೋಗಿದ್ದಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದೆ. ಅವ್ವನ ಮೊಮ್ಮಗ ಎಂಟನೇ ಕ್ಲಾಸಿನವನು, ಅವನ ಕೈಗೆ ಕೊಟ್ಟೆ. ಡೇರಿ ಪುಸ್ತಕದ ಹಾಗೆ ಗೆರೆ ಎಳೆಯಲು ಹೇಳಿಕೊಟ್ಟೆ: ಮರದ ನಂಬರು, ಯಾರದು, ಎಷ್ಟು ಗೂಡು, ಹಣ್ಣು ಬಡಿದರೋ ಇಲ್ಲವೋ, ದುಡ್ಡು ಬಂದ ತಾರೀಕು. ಅವನು ಮೊದಲ ಸಾಲಿನಲ್ಲಿ ತನ್ನ ಅಜ್ಜಿಯ ಹೆಸರು ಬರೆದ. ಮರದ ಕೆಳಗೆ ನಿಂತು ತಲೆ ಎತ್ತಿ ಎರಡು ಸಲ ಎಣಿಸಿ, ಗೂಡು 11 ಎಂದು ಬರೆದ. ಹಣ್ಣು ಬಡಿದಿಲ್ಲ ಎಂದು ಬರೆದ. ಕೊನೆಯ ಕಾಲಮ್ಮಿಗೆ ಬಂದು, "ಇದುಕ್ಕೇನ್ ಬರೀಲಿ ಸಾ?" ಅಂದ. ಸದ್ಯಕ್ಕೆ ಖಾಲಿ ಬಿಡು ಅಂದೆ. ಪಂಚಾಯಿತಿ ಸದಸ್ಯರು ಕೆಲವರು ಈ ಸಭೆಯಲ್ಲಿ ಕೂತಿದ್ದೀರಿ. ಆ ಪುಸ್ತಕ ಅವ್ವನ ಮನೆಯ ಗೂಡಿನಲ್ಲಿದೆ, ಯಾವಾಗ ಬೇಕಾದರೂ ಹೋಗಿ ನೋಡಬಹುದು.